ವಿಮ್‌ನಲ್ಲಿ ಪೈಥಾನ್, ಲುವಾ, ರೂಬಿ ಬೆಂಬಲ ಕೆಲಸ ಮಾಡುವಂತೆ ಮಾಡುವುದು: ಸಮಗ್ರ ಮಾರ್ಗದರ್ಶಿ

ವಿಮ್ ಎಂಬ ಪಠ್ಯ ಎಡಿಟರಿಗೆ ಹೊಸ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಕೋಡ್) ಹಾಕಿ ತೆರೆದ ಕೂಡಲೇ ಪರದೆಯ ತಳದಲ್ಲಿ ಕೆಂಪು ಸಾಲು ಮೂಡುತ್ತದೆ: ಇದಕ್ಕೆ ಪೈಥಾನ್ 3 ಬೆಂಬಲ ಬೇಕು. ಕಂಪ್ಯೂಟರಿನಲ್ಲಿ ಪೈಥಾನ್ ಇದೆ, ಟರ್ಮಿನಲ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ, ವಿಮ್‌ಗೆ ಮಾತ್ರ ಕಾಣುವುದಿಲ್ಲ. ಆಗ ಬಹಳಷ್ಟು ಜನ ಪೈಥಾನನ್ನೇ ತೆಗೆದು ಮತ್ತೆ ಹಾಕುತ್ತಾರೆ. ಅದರಿಂದ ಸಮಸ್ಯೆ ಬಗೆಹರಿಯುವುದು ಅಪರೂಪ. ವಿಮ್ ಪೈಥಾನ್ ಎಂಬ ಪ್ರೋಗ್ರಾಮನ್ನು ಬೇರೆಯಾಗಿ ಓಡಿಸುವುದೇ ಇಲ್ಲ. ಪೈಥಾನಿನ ಲೈಬ್ರರಿ ಫೈಲನ್ನು ತನ್ನೊಳಗೇ ಎಳೆದುಕೊಂಡು ಬಳಸುತ್ತದೆ. ಟರ್ಮಿನಲ್‌ನಲ್ಲಿ ಪೈಥಾನ್ ಓಡಿತು ಅಂದಮಾತ್ರಕ್ಕೆ ಆ ಲೈಬ್ರರಿ ವಿಮ್ ಕೈಗೆ ಸಿಗುತ್ತದೆ ಎಂದಲ್ಲ.

ಬೆಂಬಲ ಸಿಗಲು ಮೂರು ಸಂಗತಿ ಕೂಡಿಬರಬೇಕು. ವಿಮ್ ಕಂಪೈಲ್ ಆಗುವಾಗಲೇ (ಮೂಲ ಕೋಡ್ ಓಡುವ ಪ್ರೋಗ್ರಾಮ್ ಆಗುವಾಗಲೇ) ಆ ಭಾಷೆಯ ಕೊಂಡಿ, ಅಂದರೆ ಅದರೊಂದಿಗೆ ಮಾತಾಡುವ ಭಾಗ, ಸೇರಿರಬೇಕು. ಆ ಭಾಷೆಯ ಲೈಬ್ರರಿ ಫೈಲ್ ವಿಮ್ ಹುಡುಕುವ ಹೆಸರಿನಲ್ಲಿ, ಹುಡುಕುವ ಜಾಗದಲ್ಲಿ ಇರಬೇಕು. ಎರಡರ ಆವೃತ್ತಿಯೂ ಬಿಟ್‌ಗಳೂ (32 ಅಥವಾ 64) ಹೊಂದಬೇಕು. ಪರೀಕ್ಷೆಯನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದೇ ಇಲ್ಲದಿದ್ದರೆ ಉಳಿದೆರಡರ ಮೇಲೆ ಎಷ್ಟು ಹೊತ್ತು ಕೂತರೂ ವ್ಯರ್ಥ.

ಇಲ್ಲಿ ಆಜ್ಞೆಗಳನ್ನೆಲ್ಲ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ, ಚಿಹ್ನೆಗಳನ್ನು ಇದ್ದ ಹಾಗೆಯೇ ಇಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಮೊದಲು: ಓಡುತ್ತಿರುವುದು ಯಾವ ವಿಮ್?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ವಿಮ್ ಇರುವುದು ಮಾಮೂಲು. ನೀವು ಸರಿಪಡಿಸುವುದು ಒಂದನ್ನು, ತೆರೆಯುವುದು ಇನ್ನೊಂದನ್ನು ಆಗಿಬಿಡುತ್ತದೆ. ವಿಮ್ ಒಳಗೆ ಹೀಗೆ ಕೇಳಿ:

:ಎಕೋ ವಿ:ಪ್ರಾಗ್‌ಪಾಥ್

ಈಗ ಓಡುತ್ತಿರುವ ಫೈಲಿನ ಪೂರ್ತಿ ಹಾದಿ ಬರುತ್ತದೆ. ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ 'ಟೈಪ್ -ಎ ವಿಮ್' ಕೊಟ್ಟರೆ ಆ ಹೆಸರಿನಲ್ಲಿ ಸಿಗುವ ಎಲ್ಲವೂ ಸಾಲಾಗಿ ಕಾಣುತ್ತವೆ, ಅಲಿಯಾಸ್ ಇದ್ದರೆ ಅದೂ ಸೇರಿ. ಡೆಬಿಯನ್, ಉಬುಂಟುಗಳಲ್ಲಿ ಮೊದಲಿಂದ ಇರುವುದು ವಿಮ್-ಟೈನಿ. ಅದರಲ್ಲಿ ಯಾವ ಭಾಷೆಯ ಕೊಂಡಿಯೂ ಇಲ್ಲ. ಪೂರ್ತಿ ವಿಮ್ ಹಾಕಿದ ಮೇಲೂ ಹಳೆಯದೇ ತೆರೆಯುತ್ತಿದ್ದರೆ 'ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ವಿಮ್' ಕೊಟ್ಟು ಸರಿಯಾದದ್ದನ್ನು ಆರಿಸಿ. 'ವಿಐ' ಮತ್ತು 'ಎಡಿಟರ್' ಎಂಬ ಹೆಸರುಗಳಿಗೆ ಬೇರೆ ಬೇರೆ ಆಯ್ಕೆ ಇರುತ್ತದೆ, ಅವನ್ನೂ ಬದಲಿಸಿ. ಗಿಟ್‌ನ ಕಮಿಟ್ ಸಂದೇಶ ಬರೆಯುವಾಗ ಮಾತ್ರ ಪ್ಲಗಿನ್ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಎರಡನೆಯದು: ಕೊಂಡಿ ಇದೆಯೇ?

:ವರ್ಷನ್

ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಪೈಥಾನ್3 ಎಂಬ ಪದದ ಮುಂದಿನ ಚಿಹ್ನೆ ನೋಡಿ.

-ಪೈಥಾನ್3 ಇದ್ದರೆ ಕೊಂಡಿಯೇ ಇಲ್ಲ. ಬೇರೆ ಪ್ಯಾಕೇಜ್ ಹಾಕಬೇಕು, ಇಲ್ಲವೇ ನೀವೇ ಕಂಪೈಲ್ ಮಾಡಬೇಕು. ಬೇರೆ ದಾರಿಯಿಲ್ಲ.

+ಪೈಥಾನ್3 ಅಂದರೆ ಲೈಬ್ರರಿಯನ್ನು ಕಂಪೈಲ್ ಮಾಡುವಾಗಲೇ ಬೆಸೆದಿದ್ದಾರೆ. ವಿಮ್ ತೆರೆಯಿತು ಎಂದಾದರೆ ಲೈಬ್ರರಿಯೂ ಸಿಕ್ಕಿದೆ ಎಂದೇ ಅರ್ಥ.

+ಪೈಥಾನ್3/ಡೈನ್ ಅಂದರೆ ಕೊಂಡಿ ಇದೆ, ಲೈಬ್ರರಿಯನ್ನು ಮೊದಲ ಬಾರಿ ಬೇಕಾದಾಗ ಹುಡುಕುತ್ತದೆ. ತಲೆನೋವಿನ ಬಹುಪಾಲು ಇಲ್ಲಿಯೇ. ಪ್ಲಸ್ ಚಿಹ್ನೆ ನೋಡಿ 'ಬೆಂಬಲ ಇದೆಯಲ್ಲ' ಎಂದು ನೆಮ್ಮದಿಯಾಗಬೇಡಿ. ಅದು ಹೇಳುವುದು ಕೊಂಡಿಯ ಬಗ್ಗೆ, ಲೈಬ್ರರಿಯ ಬಗ್ಗೆ ಅಲ್ಲ. ಲುವಾ, ರೂಬಿ, ಪರ್ಲ್, ಟಿಸಿಎಲ್‌ಗಳಿಗೂ ಇದೇ ಲೆಕ್ಕ. ರೂಬಿಯನ್ನೇ ಹಾಕದ ಯಂತ್ರದಲ್ಲೂ +ರೂಬಿ/ಡೈನ್ ಎಂದೇ ತೋರಿಸುತ್ತದೆ.

ಪೈಥಾನ್ 3 ಮತ್ತು ಲುವಾ ಕೊಂಡಿಗಳು ಬಂದದ್ದು 2010ರ ವಿಮ್ 7.3ರಲ್ಲಿ. ಅದಕ್ಕಿಂತ ಹಳೆಯ ವಿಮ್ ಎಲ್ಲಾದರೂ ಇದ್ದರೆ ಅದನ್ನು ಸರಿಪಡಿಸಲು ಹೋಗದೆ ಬದಲಿಸಿ.

ಮೂರನೆಯದು: ಲೈಬ್ರರಿ ನಿಜಕ್ಕೂ ಸಿಗುತ್ತದೆಯೇ?

:ಎಕೋ ಹ್ಯಾಸ್('ಪೈಥಾನ್3')

1 ಬಂದರೆ ಬೆಂಬಲ ಕೆಲಸ ಮಾಡುತ್ತಿದೆ. ಡೈನಾಮಿಕ್ (/ಡೈನ್ ಎಂದು ತೋರಿಸುವ) ವಿಮ್‌ನಲ್ಲಿ ಈ ಪ್ರಶ್ನೆ ಲೈಬ್ರರಿಯನ್ನು ನಿಜವಾಗಿಯೂ ತೆರೆದು ನೋಡುತ್ತದೆ, ಹಾಗಾಗಿ ಉತ್ತರವನ್ನು ನಂಬಬಹುದು. ಆದರೆ 0 ಬಂದಾಗ ಕಾರಣ ಹೇಳದೆ ಸುಮ್ಮನಿರುತ್ತದೆ. ಕಾರಣ ಬಾಯಿಬಿಡಿಸಲು ಏನೂ ಮಾಡದ ಒಂದು ಸಾಲನ್ನು ಓಡಿಸಿ:

:ಪೈಥಾನ್3 ಪಾಸ್

ಈಗ ಬರುವ ದೋಷ ಸಂಖ್ಯೆಯೇ ದಾರಿ ತೋರಿಸುತ್ತದೆ. ಇ319 ಬಂದರೆ ಕೊಂಡಿಯೇ ಇಲ್ಲ, ಹಿಂದಿನ ಹಂತಕ್ಕೆ ಹೋಗಿ. ಇ370 ಬಂದರೆ ಲೈಬ್ರರಿ ತೆರೆಯಲಾಗಲಿಲ್ಲ; ಯಾವ ಹೆಸರಿನ ಫೈಲನ್ನು ಹುಡುಕಿತು ಎಂಬುದೂ ಅದೇ ಸಾಲಿನಲ್ಲಿರುತ್ತದೆ, ಬರೆದಿಟ್ಟುಕೊಳ್ಳಿ. ಇ448 ಬಂದರೆ ಫೈಲ್ ಸಿಕ್ಕಿದೆ, ಆದರೆ ವಿಮ್‌ಗೆ ಬೇಕಾದ ಫಂಕ್ಷನ್ ಅದರಲ್ಲಿಲ್ಲ, ಅಂದರೆ ಆವೃತ್ತಿ ಹೊಂದಿಲ್ಲ. ಇ836 ಅಥವಾ ಇ837 ಬಂದರೆ ಪೈಥಾನ್ 2 ಮತ್ತು 3ರ ನಡುವಿನ ಜಗಳ, ಅದಕ್ಕೆ ಮುಂದೆ ಬರುತ್ತೇವೆ.

ಇದೆಲ್ಲವನ್ನೂ ಒಮ್ಮೆ 'ವಿಮ್ --ಕ್ಲೀನ್' ಎಂದು ತೆರೆದು ಮಾಡಿ. ಆಗ ನಿಮ್ಮ ವಿಮ್‌ಆರ್‌ಸಿ (ವಿಮ್‌ನ ಸೆಟ್ಟಿಂಗ್ ಫೈಲ್) ಮತ್ತು ಪ್ಲಗಿನ್‌ಗಳು ಪಕ್ಕಕ್ಕೆ ಸರಿಯುತ್ತವೆ. ಅಲ್ಲಿ 1 ಬಂದು ಮಾಮೂಲಿಯಾಗಿ ತೆರೆದಾಗ 0 ಬಂದರೆ ತಪ್ಪು ನಿಮ್ಮ ವಿಮ್‌ಆರ್‌ಸಿಯಲ್ಲಿದೆ, ಲೈಬ್ರರಿಯಲ್ಲಲ್ಲ.

ಕೊಂಡಿ ಇರುವ ಪ್ಯಾಕೇಜ್ ಹಾಕುವುದು

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಸುಲಭದ ದಾರಿ ವಿಮ್-ನಾಕ್ಸ್. ಪೈಥಾನ್ 3, ಲುವಾ, ಪರ್ಲ್, ರೂಬಿ, ಟಿಸಿಎಲ್ ಐದೂ ಅದರಲ್ಲಿವೆ. ಕಿಟಕಿಯ ವಿಮ್, ಕ್ಲಿಪ್‌ಬೋರ್ಡ್ ಬೇಕಿದ್ದರೆ ವಿಮ್-ಜಿಟಿಕೆ3. ಫೆಡೋರಾದಲ್ಲಿ ವಿಮ್-ಮಿನಿಮಲ್ ಸಾಲದು, ವಿಮ್-ಎನ್‌ಹ್ಯಾನ್ಸ್ಡ್ ಹಾಕಿ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಕೊಡುವ ವಿಮ್ ಈ ಭಾಷೆಗಳನ್ನು ತಾನೇ ಜೊತೆಗೆ ತರುತ್ತದೆ. ಹಾಕಿದ ಮೇಲೆ ಟರ್ಮಿನಲ್ ಮುಚ್ಚಿ ತೆರೆಯಿರಿ, ಇಲ್ಲವೇ 'ಹ್ಯಾಶ್ -ಆರ್' ಕೊಡಿ. ಶೆಲ್ ಹಳೆಯ ಹಾದಿಯನ್ನು ನೆನಪಿಟ್ಟುಕೊಂಡಿರುತ್ತದೆ.

ಇ370: ಲೈಬ್ರರಿಯ ಬೇಟೆ

ವಿಮ್ ಯಾವ ಹೆಸರನ್ನು ಹುಡುಕುತ್ತದೆ ಎಂದು ನೇರವಾಗಿ ಕೇಳಬಹುದು:

:ಸೆಟ್ ಪೈಥಾನ್‌ಥ್ರೀಡಿಎಲ್‌ಎಲ್?

ಆಯ್ಕೆಯ ಹೆಸರಿನಲ್ಲಿ ವಿಂಡೋಸ್‌ನ ಡಿಎಲ್‌ಎಲ್ ಎಂದಿದ್ದರೂ ಲಿನಕ್ಸ್, ಮ್ಯಾಕ್‌ಗಳಲ್ಲೂ ಇದೇ ಆಯ್ಕೆ. ಲಿನಕ್ಸ್‌ನಲ್ಲಿ ಉತ್ತರ 'ಲಿಬ್‌ಪೈಥಾನ್3.11.ಎಸ್‌ಒ.1.0' ಎಂಬಂತಿರುತ್ತದೆ. ಈ ಹೆಸರಿನೊಳಗೆ ಆವೃತ್ತಿ ಅಡಗಿದೆ ಎಂಬುದನ್ನು ಗಮನಿಸಿ. ವ್ಯವಸ್ಥೆಯನ್ನು ನವೀಕರಿಸಿದಾಗ ಪೈಥಾನ್ 3.12 ಬಂದು 3.11 ಹೋಯಿತು, ವಿಮ್ ಮಾತ್ರ ನೀವೇ ಕಂಪೈಲ್ ಮಾಡಿದ ಹಳೆಯದು ಎಂದಾದರೆ ಅದು ಇಲ್ಲದ ಫೈಲಿಗಾಗಿ ಹುಡುಕುತ್ತಲೇ ಇರುತ್ತದೆ. ನಿನ್ನೆಯವರೆಗೆ ಸರಿಯಿತ್ತು, ಇಂದು ಕೆಟ್ಟಿತು ಎನ್ನುವ ಪ್ರಕರಣಗಳಲ್ಲಿ ಮೊದಲು ನೋಡಬೇಕಾದ್ದು ಇದು.

ಫೈಲ್ ಇದೆಯೇ ನೋಡಲು ಲಿನಕ್ಸ್‌ನಲ್ಲಿ:

ಎಲ್‌ಡಿಕಾನ್ಫಿಗ್ -ಪಿ | ಗ್ರೆಪ್ ಲಿಬ್‌ಪೈಥಾನ್3

ಏನೂ ಬಾರದಿದ್ದರೆ ಲೈಬ್ರರಿಯ ಪ್ಯಾಕೇಜ್ ಹಾಕಿಲ್ಲ. ಡೆಬಿಯನ್ ಬಳಗದಲ್ಲಿ ಅದರ ಹೆಸರು ಲಿಬ್‌ಪೈಥಾನ್3.11 ಎಂಬ ರೂಪದಲ್ಲಿರುತ್ತದೆ. ನಿಮ್ಮ ಆವೃತ್ತಿಯ ಸಂಖ್ಯೆ ಹಾಕಿಕೊಳ್ಳಿ. ಫೈಲ್ ಬೇರೆ ಜಾಗದಲ್ಲಿದ್ದರೆ ಪೂರ್ತಿ ಹಾದಿಯನ್ನು ವಿಮ್‌ಆರ್‌ಸಿಯ ಆರಂಭದಲ್ಲೇ ಬರೆಯಿರಿ:

ಸೆಟ್ ಪೈಥಾನ್‌ಥ್ರೀಡಿಎಲ್‌ಎಲ್=/ಯುಎಸ್‌ಆರ್/ಲೋಕಲ್/ಲಿಬ್/ಲಿಬ್‌ಪೈಥಾನ್3.11.ಎಸ್‌ಒ.1.0

ಆರಂಭದಲ್ಲೇ ಎಂಬುದಕ್ಕೆ ಕಾರಣವಿದೆ. ಒಮ್ಮೆ ಯಾವುದೋ ಪ್ಲಗಿನ್ ಪೈಥಾನ್ ಬಳಸಿ ಲೈಬ್ರರಿ ಒಳಬಂದರೆ, ಆಮೇಲೆ ಆಯ್ಕೆ ಬದಲಿಸಿದರೂ ಪರಿಣಾಮವಿಲ್ಲ. ಇನ್ನೊಂದು ಎಚ್ಚರಿಕೆ: 3.11ಕ್ಕೆ ಕಂಪೈಲ್ ಆದ ವಿಮ್‌ಗೆ 3.12ರ ಫೈಲನ್ನು ತೋರಿಸಿ ದಾಟಿಸಲು ನೋಡಬೇಡಿ. ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಆಮೇಲೆ ಫೈಲ್ ಉಳಿಸುವ ಹೊತ್ತಿಗೆ ಇಡೀ ಎಡಿಟರ್ ಬಿದ್ದುಹೋಗಬಹುದು. ವಿಮ್ 9.0ರ ನಂತರದ ಆವೃತ್ತಿಗಳಲ್ಲಿ ಇದಕ್ಕೊಂದು ಒಳ್ಳೆಯ ಪರಿಹಾರ ಬಂದಿದೆ. ಹ್ಯಾಸ್('ಪೈಥಾನ್3_ಸ್ಟೇಬಲ್') ಎಂದು ಕೇಳಿದಾಗ 1 ಬಂದರೆ ನಿಮ್ಮ ವಿಮ್ ಪೈಥಾನಿನ ಸ್ಥಿರ ಎಬಿಐ (ಉಪ ಆವೃತ್ತಿ ಬದಲಾದರೂ ಬದಲಾಗದ ಸಂಪರ್ಕ ವಿಧಾನ) ಬಳಸಿ ಕಟ್ಟಿದ್ದು, ಒಂದೇ ಉಪ ಆವೃತ್ತಿಗೆ ಅಂಟಿಕೊಂಡಿಲ್ಲ. ಪರ್ಲ್ ಮತ್ತು ರೂಬಿಗೆ ಈ ಸಡಿಲಿಕೆ ಇಲ್ಲ. ಕಂಪೈಲ್ ಮಾಡಿದ ಆವೃತ್ತಿಯೇ ಬೇಕು.

ಪೈಥಾನನ್ನು ಮೂಲ ಕೋಡಿನಿಂದ ನೀವೇ ಕಟ್ಟಿಕೊಂಡಿದ್ದರೆ ಇನ್ನೊಂದು ಬಲೆ. '--ಎನೇಬಲ್-ಶೇರ್ಡ್' ಕೊಡದೆ ಕಟ್ಟಿದರೆ 'ಎಸ್‌ಒ' ಫೈಲ್ ಹುಟ್ಟುವುದೇ ಇಲ್ಲ, '.ಎ' ಎಂದು ಕೊನೆಯಾಗುವ ಸ್ಥಿರ ಲೈಬ್ರರಿ ಮಾತ್ರ ಸಿಗುತ್ತದೆ. ವಿಮ್ ಅದನ್ನು ಓಡುವಾಗ ತೆರೆಯಲಾರದು. ಪೈಎನ್ವ್ (ಹಲವು ಪೈಥಾನ್ ಆವೃತ್ತಿಗಳನ್ನು ನಿಭಾಯಿಸುವ ಸಾಧನ) ಬಳಸುವವರು ಪೈಥಾನ್_ಕಾನ್ಫಿಗರ್_ಆಪ್ಟ್ಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಹೆಸರು ಪೂರ್ತಿ ದೊಡ್ಡಕ್ಷರ, ಈ ಆಯ್ಕೆಯನ್ನಿಟ್ಟು ಆ ಆವೃತ್ತಿಯನ್ನು ಮತ್ತೆ ಹಾಕಿಕೊಳ್ಳಲಿ.

ವಿಂಡೋಸ್‌ನಲ್ಲಿ ಬಿಟ್‌ಗಳ ಲೆಕ್ಕ

ವರ್ಷನ್ ಪಟ್ಟಿಯ ಮೊದಲ ಸಾಲುಗಳಲ್ಲೇ ವಿಮ್ 32 ಬಿಟ್ಟೋ 64 ಬಿಟ್ಟೋ ಎಂದಿರುತ್ತದೆ. ಪೈಥಾನ್‌ದು ತಿಳಿಯಲು ಪೈಥಾನಿನಲ್ಲೇ 'ಸ್ಟ್ರಕ್ಟ್' ಮಾಡ್ಯೂಲ್ ತಂದು, ಸ್ಟ್ರಕ್ಟ್.ಕ್ಯಾಲ್ಕ್‌ಸೈಜ್('ಪಿ')*8 ಎಂದು ಕೇಳಿ. ಇಲ್ಲಿ ಪಿ ದೊಡ್ಡಕ್ಷರ. 64 ಅಥವಾ 32 ಬರುತ್ತದೆ. ಎರಡೂ ಒಂದೇ ಇರಬೇಕು. 32 ಬಿಟ್ ವಿಮ್ ಒಳಗೆ 64 ಬಿಟ್ ಲೈಬ್ರರಿ ಸೇರುವುದು ಸಾಧ್ಯವೇ ಇಲ್ಲ, ಆಗ ಬರುವುದೂ ಇ370ಯೇ. ಫೈಲ್ ಕಣ್ಣೆದುರಿಗಿದೆ, ಆದರೂ ತೆರೆಯುತ್ತಿಲ್ಲ ಎನ್ನುವಾಗ ಇದನ್ನು ನೋಡಿ.

ಬಿಟ್ ಹೊಂದಿದ್ದರೆ ಪೈಥಾನ್ ಫೋಲ್ಡರನ್ನು ಪಾಥ್‌ಗೆ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸಿ, ತೆರೆದಿರುವ ವಿಮ್ ಕಿಟಕಿಗಳನ್ನೆಲ್ಲ ಮುಚ್ಚಿ ಹೊಸದಾಗಿ ತೆರೆಯಿರಿ. ತೆರೆದೇ ಇರುವ ವಿಮ್‌ಗೆ, ತೆರೆದೇ ಇರುವ ಟರ್ಮಿನಲ್‌ಗೆ ಹೊಸ ಪಾಥ್ ತಲುಪುವುದಿಲ್ಲ. ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳಲ್ಲೂ ಇದೇ ಬಗೆಯ ಹೊಂದಾಣಿಕೆ ಬೇಕು. ವಿಮ್ ಆರ್ಮ್‌ಗೆ, ಪೈಥಾನ್ ಇಂಟೆಲ್‌ಗೆ ಕಟ್ಟಿದ್ದಾದರೆ ಕೂಡುವುದಿಲ್ಲ. 'ಫೈಲ್' ಎಂಬ ಆಜ್ಞೆಯನ್ನು ಎರಡರ ಮೇಲೂ ಓಡಿಸಿದರೆ ತಿಳಿಯುತ್ತದೆ.

ನೀವೇ ಕಂಪೈಲ್ ಮಾಡುವುದಾದರೆ

ಡೆಬಿಯನ್ ಬಳಗದಲ್ಲಿ ಮೊದಲು ಇವನ್ನು ಹಾಕಿ: ಬಿಲ್ಡ್-ಎಸೆನ್ಷಿಯಲ್, ಗಿಟ್, ಲಿಬ್‌ಎನ್‌ಕರ್ಸಸ್-ಡೆವ್, ಪೈಥಾನ್3-ಡೆವ್, ಲುವಾ5.4, ಲಿಬ್‌ಲುವಾ5.4-ಡೆವ್, ರೂಬಿ-ಡೆವ್, ಲಿಬ್‌ಪರ್ಲ್-ಡೆವ್. ಲುವಾ ವಿಷಯದಲ್ಲಿ ಹೆಡರ್ ಫೈಲ್‌ಗಳಷ್ಟೇ (ಕಂಪೈಲ್‌ಗೆ ಬೇಕಾದ ಘೋಷಣೆಗಳ ಫೈಲ್‌ಗಳು) ಸಾಲವು. ಆವೃತ್ತಿ ತಿಳಿಯಲು ಕಾನ್ಫಿಗರ್ (ಕಂಪೈಲ್‌ಗೆ ಮುನ್ನ ಯಂತ್ರವನ್ನು ಪರೀಕ್ಷಿಸುವ ಸ್ಕ್ರಿಪ್ಟ್) ಲುವಾ ಪ್ರೋಗ್ರಾಮನ್ನೇ ಓಡಿಸಿ ನೋಡುತ್ತದೆ. ಕ್ಲಿಪ್‌ಬೋರ್ಡ್ ಬೇಕಿದ್ದರೆ ಲಿಬ್‌ಎಕ್ಸ್‌ಟಿ-ಡೆವ್ ಕೂಡ ಸೇರಿಸಿ.

ಮೂಲ ಕೋಡ್ ಇಳಿಸಿಕೊಂಡು ಆ ಫೋಲ್ಡರಿನಲ್ಲಿ ಕಾನ್ಫಿಗರ್ ಓಡಿಸುವಾಗ ಈ ಆಯ್ಕೆಗಳನ್ನು ಒಂದೇ ಸಾಲಿನಲ್ಲಿ ಕೊಡಿ:

./ಕಾನ್ಫಿಗರ್ --ವಿತ್-ಫೀಚರ್ಸ್=ಹ್ಯೂಜ್ --ಎನೇಬಲ್-ಪೈಥಾನ್3ಇಂಟರ್ಪ್=ಡೈನಾಮಿಕ್ --ಎನೇಬಲ್-ಲುವಾಇಂಟರ್ಪ್=ಡೈನಾಮಿಕ್ --ಎನೇಬಲ್-ರೂಬಿಇಂಟರ್ಪ್=ಡೈನಾಮಿಕ್ --ಎನೇಬಲ್-ಪರ್ಲ್‌ಇಂಟರ್ಪ್=ಡೈನಾಮಿಕ್ --ಎನೇಬಲ್-ಫೇಲ್-ಇಫ್-ಮಿಸ್ಸಿಂಗ್

ಕೊನೆಯ ಆಯ್ಕೆಯನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಹೆಡರ್ ಸಿಗದ ಭಾಷೆಯನ್ನು ಕಾನ್ಫಿಗರ್ ಸದ್ದಿಲ್ಲದೆ ಕೈಬಿಟ್ಟು ಮುಂದೆ ಹೋಗುತ್ತದೆ. ಕಂಪೈಲ್ ಯಾವ ದೋಷವೂ ಇಲ್ಲದೆ ಮುಗಿಯುತ್ತದೆ, ವಿಮ್ ತೆರೆದಾಗ ಮತ್ತೆ -ಪೈಥಾನ್3. ಅದಿದ್ದರೆ ಕೊರತೆ ಕಂಡ ಜಾಗದಲ್ಲೇ ನಿಲ್ಲುತ್ತದೆ. ವಿವರ ಎಸ್‌ಆರ್‌ಸಿ/ಆಟೊ/ಕಾನ್ಫಿಗ್.ಲಾಗ್ ಫೈಲಿನ ಕೊನೆಯ ಭಾಗದಲ್ಲಿರುತ್ತದೆ.

ಬೇಕಾದ ಪ್ಯಾಕೇಜ್ ಹಾಕಿ ಮತ್ತೆ ಓಡಿಸಿದರೂ 'ಇಲ್ಲ' ಎಂದೇ ಬರುತ್ತಿದ್ದರೆ ಹಿಂದಿನ ಉತ್ತರ ಕ್ಯಾಶ್‌ನಲ್ಲಿ ಉಳಿದಿದೆ. 'ಮೇಕ್ ಡಿಸ್ಟ್‌ಕ್ಲೀನ್' ಕೊಟ್ಟು ಮೊದಲಿಂದ ಮಾಡಿ. ಯಂತ್ರದಲ್ಲಿ ಹಲವು ಪೈಥಾನ್ ಇದ್ದರೆ '--ವಿತ್-ಪೈಥಾನ್3-ಕಮಾಂಡ್=ಪೈಥಾನ್3.11' ಎಂದು ಯಾವುದು ಎಂಬುದನ್ನು ಖಚಿತಪಡಿಸಿ. ಆಮೇಲೆ 'ಮೇಕ್', ನಂತರ 'ಸುಡೋ ಮೇಕ್ ಇನ್‌ಸ್ಟಾಲ್'. ಹೊಸ ವಿಮ್ /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಕೂರುತ್ತದೆ.

ಎರಡು ಪೈಥಾನ್‌ಗಳ ಜಗಳ

ಪೈಥಾನ್ 2ರ ಆಯುಷ್ಯ 2020ರ ಜನವರಿ 1ಕ್ಕೆ ಮುಗಿದಿದೆ, ಆದರೂ ಹಳೆಯ ವಿಮ್‌ಗಳಲ್ಲಿ ಎರಡೂ ಕೊಂಡಿಗಳಿರುತ್ತವೆ. ಲಿನಕ್ಸ್‌ನಲ್ಲಿ ಎರಡು ಲೈಬ್ರರಿಗಳೂ ಒಂದೇ ಹೆಸರಿನ ಫಂಕ್ಷನ್‌ಗಳನ್ನು ಹೊತ್ತು ತರುವುದರಿಂದ ಒಟ್ಟಿಗೆ ಬಾಳಲಾರವು. ಮೊದಲು ಬಂದದ್ದು ಉಳಿಯುತ್ತದೆ, ಎರಡನೆಯದಕ್ಕೆ ಬಾಗಿಲು ಮುಚ್ಚುತ್ತದೆ. ಹಳೆಯ ಪ್ಲಗಿನ್ ಒಂದು 'ಹ್ಯಾಸ್('ಪೈಥಾನ್')' ಎಂದು ಬರೀ ಕೇಳಿದರೂ ಸಾಕು, ಪೈಥಾನ್ 2 ಒಳಬರುತ್ತದೆ. ಮುಂದೆ ಪೈಥಾನ್ 3ರ ಪ್ರಶ್ನೆಗೆ 0 ಎಂಬ ಉತ್ತರ. ಮೇಲೆ ಹೇಳಿದ ಕ್ಲೀನ್ ಪರೀಕ್ಷೆಯಲ್ಲಿ ಮಾತ್ರ 1 ಬರುವುದಕ್ಕೆ ಇದೊಂದು ದೊಡ್ಡ ಕಾರಣ. ವಿಮ್‌ಆರ್‌ಸಿಯ ಮೊದಲ ಸಾಲಿನಲ್ಲಿ (ಮೇಲೆ ಹೇಳಿದ ಲೈಬ್ರರಿ ಹಾದಿಯ ಸೆಟ್ ಸಾಲು ಇದ್ದರೆ ಅದರ ನಂತರ) ನೀವೇ ಪೈಥಾನ್3 ಬಗ್ಗೆ ಕೇಳಿಬಿಟ್ಟರೆ ಆ ಜಾಗ ಅದಕ್ಕೆ ಸಿಗುತ್ತದೆ:

ಇಫ್ ಹ್ಯಾಸ್('ಪೈಥಾನ್3') | ಎಂಡಿಫ್

ಲೈಬ್ರರಿ ತೆರೆಯುವುದರಿಂದ ಆರಂಭ ತುಸು ನಿಧಾನವಾಗುತ್ತದೆ. ಎಷ್ಟು ಎಂದು ತಿಳಿಯಬೇಕಿದ್ದರೆ '--ಸ್ಟಾರ್ಟಪ್‌ಟೈಮ್' ಆಯ್ಕೆಗೆ ಒಂದು ಫೈಲಿನ ಹೆಸರು ಕೊಟ್ಟು ಅಳೆದು ನೋಡಿ.

ಲೈಬ್ರರಿ ಬಂತು, ಮಾಡ್ಯೂಲ್ ಸಿಗಲಿಲ್ಲ

'ಎನ್‌ಕೋಡಿಂಗ್ಸ್' ಎಂಬ ಮಾಡ್ಯೂಲ್ ಇಲ್ಲ ಎಂದು ಹೇಳಿ ವಿಮ್ ಪೂರ್ತಿ ಮುಚ್ಚಿಕೊಂಡರೆ, ಲೈಬ್ರರಿ ಸಿಕ್ಕಿದೆ ಆದರೆ ಅದರ ಮೂಲ ಮಾಡ್ಯೂಲ್‌ಗಳ ಫೋಲ್ಡರ್ ಸಿಕ್ಕಿಲ್ಲ. ಪೈಥಾನ್‌ಹೋಮ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ (ಹೆಸರು ಪೂರ್ತಿ ದೊಡ್ಡಕ್ಷರ) ತಪ್ಪು ಜಾಗ ತೋರಿಸುತ್ತಿದೆಯೇ ನೋಡಿ, ಇದ್ದರೆ ತೆಗೆಯಿರಿ. ಇಲ್ಲವಾದರೆ 'ಪೈಥಾನ್‌ಥ್ರೀಹೋಮ್' ಆಯ್ಕೆಗೆ ಪೈಥಾನಿನ ಬುಡದ ಫೋಲ್ಡರನ್ನು ಕೊಡಿ. ಟರ್ಮಿನಲ್‌ನ ಪೈಥಾನಿನಲ್ಲಿ ಸಿಸ್.ಬೇಸ್_ಪ್ರಿಫಿಕ್ಸ್ ಅಚ್ಚಿಸಿದರೆ ಆ ಹಾದಿ ತಿಳಿಯುತ್ತದೆ.

ವರ್ಚುವಲ್ ಎನ್ವಿರಾನ್ಮೆಂಟ್ (ಪ್ರತಿ ಕೆಲಸಕ್ಕೂ ಪೈಥಾನ್ ಪ್ಯಾಕೇಜ್‌ಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್) ಚಾಲೂ ಮಾಡಿ ಪಿಪ್‌ನಿಂದ ಹಾಕಿದ ಪ್ಯಾಕೇಜ್ ವಿಮ್‌ಗೆ ಕಾಣದಿರುವುದೂ ಸಾಮಾನ್ಯ. ವಿಮ್ ತೆರೆಯುವುದು ಲೈಬ್ರರಿಯನ್ನೇ ಹೊರತು ನಿಮ್ಮ ವರ್ಚುವಲ್ ಎನ್ವಿರಾನ್ಮೆಂಟಿನ ಪ್ರೋಗ್ರಾಮನ್ನಲ್ಲ. ಮೊದಲು ವಿಮ್ ಒಳಗಿನ ಆವೃತ್ತಿ ತಿಳಿಯಿರಿ:

:ಪೈಥಾನ್3 ಇಂಪೋರ್ಟ್ ಸಿಸ್; ಪ್ರಿಂಟ್(ಸಿಸ್.ವರ್ಷನ್)

ಅದೇ ಆವೃತ್ತಿಯ ಪೈಥಾನಿನಿಂದ ಎಡಿಟರಿಗೆಂದೇ ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಅದರಲ್ಲಿ ಪ್ಯಾಕೇಜ್ ಹಾಕಿ. ಬಳಿಕ ವಿಮ್‌ಆರ್‌ಸಿಯಲ್ಲಿ 'ಸೈಟ್' ಮಾಡ್ಯೂಲಿನ ಆ್ಯಡ್‌ಸೈಟ್‌ಡೈರ್ ಫಂಕ್ಷನ್ನಿಗೆ ಅದರ ಸೈಟ್-ಪ್ಯಾಕೇಜಸ್ ಫೋಲ್ಡರಿನ ಹಾದಿ ಕೊಡಿ. ಆವೃತ್ತಿ ಬೇರೆಯಾದರೆ ಬರೀ ಪೈಥಾನಿನಲ್ಲಿ ಬರೆದ ಪ್ಯಾಕೇಜ್‌ಗಳು ಓಡಬಹುದು, ಸಿ ಭಾಷೆಯ ಭಾಗವಿರುವವು ಓಡುವುದಿಲ್ಲ.

ನಿಯೋವಿಮ್ ಬಳಸುವವರಿಗೆ

ವಿಮ್‌ನಿಂದ ಕವಲೊಡೆದ ಈ ಎಡಿಟರಿನಲ್ಲಿ ಏರ್ಪಾಡೇ ಬೇರೆ. ಲುವಾ ಒಳಗೇ ಇದೆ, ಹಾಕಬೇಕಾದ್ದೇನಿಲ್ಲ. ಆದರೆ ಅದು ಲುವಾ 5.1ರ ವ್ಯಾಕರಣ, ಹೊಸ ಲುವಾದ // ಭಾಗಾಕಾರ ಬರೆದರೆ ದೋಷ ಬರುತ್ತದೆ. ವಿಮ್‌ನ ಲುವಾ ಕೊಂಡಿಗೆ ಬರೆದ ಕೋಡ್ ಇಲ್ಲಿ ಹಾಗೇ ಓಡುವುದೂ ಇಲ್ಲ.

ಪೈಥಾನ್ ಮಾತ್ರ ಹೊರಗಿನ ಪ್ರತ್ಯೇಕ ಪ್ರಕ್ರಿಯೆ. ಲೈಬ್ರರಿ, ಬಿಟ್‌ಗಳ ಗೊಂದಲ ಇಲ್ಲ. ಬದಲಿಗೆ ಪೈಎನ್‌ವಿಮ್ ಎಂಬ ಪ್ಯಾಕೇಜ್ ಬೇಕು. ಅದಕ್ಕೆಂದೇ ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಒಳಗೆ ಪೈಎನ್‌ವಿಮ್ ಹಾಕಿ, ಅದರ ಪೈಥಾನ್ ಪ್ರೋಗ್ರಾಮಿನ ಪೂರ್ತಿ ಹಾದಿಯನ್ನು ಜಿ:ಪೈಥಾನ್3_ಹೋಸ್ಟ್_ಪ್ರಾಗ್ ವೇರಿಯಬಲ್‌ಗೆ ಕೊಡಿ. ಹೀಗೆ ಮಾಡಿದರೆ ಯಾವ ಪ್ರಾಜೆಕ್ಟಿನ ಎನ್ವಿರಾನ್ಮೆಂಟ್ ಚಾಲೂ ಇದ್ದರೂ ಎಡಿಟರ್ ಅಲುಗುವುದಿಲ್ಲ. ಸರಿಯಾಯಿತೇ ಎಂದು ':ಚೆಕ್‌ಹೆಲ್ತ್' ಹೇಳುತ್ತದೆ. ಬಳಸದ ಭಾಷೆಯ ಎಚ್ಚರಿಕೆಗಳು ಅಲ್ಲಿ ಕಂಡರೆ ಬಿಟ್ಟುಬಿಡಿ.

ಬೆಂಬಲ ಬಂದ ಮೇಲೆ ಮೊದಲ ಪರೀಕ್ಷೆ

ವಿಮ್‌ಸ್ಕ್ರಿಪ್ಟ್ ಫೈಲಿನಲ್ಲಿ ಹಲವು ಸಾಲಿನ ಪೈಥಾನ್ ಬರೆಯುವಾಗ 'ಪೈಥಾನ್3 << ಇಒಎಫ್' ಎಂದು ತೆರೆದು 'ಇಒಎಫ್' ಎಂದು ಮುಚ್ಚುತ್ತಾರೆ, ಎರಡೂ ದೊಡ್ಡಕ್ಷರ. ಮುಚ್ಚುವ ಪದ ಸಾಲಿನ ಮೊದಲ ಅಂಕಣದಲ್ಲೇ ಇರಬೇಕು. ಒಂದು ಸ್ಪೇಸ್ ಹಿಂದಿದ್ದರೂ ವಿಮ್ ಅದನ್ನು ಪೈಥಾನಿನ ಸಾಲೆಂದೇ ಓದುತ್ತಾ ಹೋಗುತ್ತದೆ.

ಆಮೇಲೆ ಎಣಿಕೆಯ ವಿಷಯ. ಪೈಥಾನಿನಲ್ಲಿ ವಿಮ್.ಕರೆಂಟ್.ಬಫರ್[0] ಅಂದರೆ ಫೈಲಿನ 1ನೇ ಸಾಲು. ಆದರೆ ವಿಮ್.ಕರೆಂಟ್.ವಿಂಡೋ.ಕರ್ಸರ್ ಕೊಡುವ ಸಾಲು ಸಂಖ್ಯೆ 1ರಿಂದ, ಅಂಕಣ 0ಯಿಂದ ಆರಂಭ. ಅಂಕಣದ ಎಣಿಕೆ ಅಕ್ಷರಗಳಲ್ಲೂ ಅಲ್ಲ, ಬೈಟ್‌ಗಳಲ್ಲಿ. ಇಂಗ್ಲಿಷ್ ಪಠ್ಯದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕನ್ನಡದಲ್ಲಿ ತಕ್ಷಣ ಕಾಣುತ್ತದೆ. ಖಾಲಿ ಫೈಲಿನಲ್ಲಿ 'ಕನ್ನಡ' ಎಂದು ಬರೆದು, ಒಂದು ಸ್ಪೇಸ್ ಕೊಟ್ಟು, 'ಪದ' ಎಂದು ಬರೆಯಿರಿ. ಕರ್ಸರನ್ನು 'ಪ' ಮೇಲಿಟ್ಟು ಹೀಗೆ ಕೇಳಿ:

:ಪೈಥಾನ್3 ಇಂಪೋರ್ಟ್ ವಿಮ್; ಪ್ರಿಂಟ್(ವಿಮ್.ಕರೆಂಟ್.ವಿಂಡೋ.ಕರ್ಸರ್)

ವಿಮ್‌ನ 'ಎನ್‌ಕೋಡಿಂಗ್' ಆಯ್ಕೆ ಯುಟಿಎಫ್-8 ಆಗಿದ್ದರೆ ಉತ್ತರ (1, 16). ಕಣ್ಣಿಗೆ ಕಾಣುವುದು ಕ, ನ್ನ, ಡ ಎಂಬ ಮೂರು ಅಕ್ಷರ. ಪೈಥಾನಿನ ಲೆನ್ ಫಂಕ್ಷನ್ ಅದನ್ನೇ 5 ಎನ್ನುತ್ತದೆ, ಏಕೆಂದರೆ ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ನ, ಡ ಎಂದು ಐದು ಸಂಕೇತಗಳಿವೆ. ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 15, ಸ್ಪೇಸಿಗೆ ಇನ್ನೊಂದು. ಈ 16ನ್ನು ನೇರವಾಗಿ ಪೈಥಾನ್ ಸ್ಟ್ರಿಂಗ್ ಕತ್ತರಿಸಲು ಬಳಸಿದರೆ ಕನ್ನಡ ಸಾಲುಗಳಲ್ಲಿ ಪ್ಲಗಿನ್ ತಪ್ಪು ಜಾಗಕ್ಕೆ ಕೈ ಹಾಕುತ್ತದೆ. ಸಾಲನ್ನು ಮೊದಲು ಎನ್‌ಕೋಡ್('ಯುಟಿಎಫ್-8') ಮಾಡಿ, ಬೈಟ್‌ಗಳಲ್ಲಿ ಕತ್ತರಿಸಿ, ಆಮೇಲೆ ಡಿಕೋಡ್ ಮಾಡಿ.